ಬಣ್ಣದ ದ್ವಾರಪಾಲಕ

ಹೊಸಪೇಟೆಯ ಯಾವುದೇ ಬಟ್ಟೆ ಅಂಗಡಿಯಲ್ಲಿ ಅರ್ಧ ಗಳಿಗೆ ಕುಳಿತರೆ ಒಂದೇ ಪ್ರಶ್ನೆ ಹತ್ತು ಬಾಯಿಗಳಿಂದ ಕೇಳಿಬರುತ್ತದೆ: “ಬಣ್ಣ ಬಿಡಂಗಿಲ್ಲ ಹೌದಿಲ್ರೀ?” ಸೀರೆಯ ಅಂಚು, ಸೆರಗು, ಬೆಲೆ ಇವೆಲ್ಲ ಆಮೇಲಿನ ಮಾತು. “ಗ್ಯಾರಂಟಿ ಬಣ್ಣ ಅಕ್ಕಾರೆ, ಎಷ್ಟು ಒಗೆದ್ರೂ ಹೋಗಂಗಿಲ್ಲ” ಎಂದು ಅಂಗಡಿಯವರು ಅಭಯವೀಯುತ್ತಾರೆ. ಮೊದಲನೆಯ ಒಗೆತಕ್ಕೇ ಬಕೀಟಿನ ನೀರು ಕೆಂಪಗಾದಾಗ ಆ ಗ್ಯಾರಂಟಿಯ ಬೆಲೆ ಮನೆಯಾಕೆಗೆ ತಿಳಿಯುತ್ತದೆ; ಅದೇ ಬಕೀಟಿನಲ್ಲಿ ನೆನೆದಿದ್ದ ಯಜಮಾನರ ಬಿಳಿಯ ಪಂಚೆಗೂ ತಿಳಿಯುತ್ತದೆ.

ಈ ಪ್ರಶ್ನೆಯನ್ನು ರಸಾಯನವಿಜ್ಞಾನಿಯೂ ಕೇಳುವುದುಂಟು. ಆದರೆ ಅವನು ಬಣ್ಣ ಹಾಕುವ ‘ಬಟ್ಟೆ’ ಮೂರು ಮಿಲಿಮೀಟರ್ ಅಗಲದ ಒಂದು ಕರಿಯ ಚುಕ್ಕೆ. ಅದರ ಮೇಲೆ ಬಣ್ಣ ಭದ್ರವಾಗಿ ನಿಂತಿತೆಂದರೆ ಆ ಚುಕ್ಕೆಗೆ ಒಂದು ವಿಶೇಷವಾದ ವಿವೇಕ ಬರುತ್ತದೆ. ಒಂದೇ ದ್ರಾವಣದಲ್ಲಿ ಬೆರೆತುಹೋದ ಎರಡು ಮೂರು ವಸ್ತುಗಳನ್ನು ಅದು ಬೇರೆ ಬೇರೆಯಾಗಿ ಗುರುತಿಸಬಲ್ಲುದು. ಯಾವುದು ಎಷ್ಟಿದೆ ಎಂದು ಲೆಕ್ಕವನ್ನೂ ಒಪ್ಪಿಸಬಲ್ಲುದು. ಬಣ್ಣವೆಂದರೆ ಕಣ್ಣಿಗೆ ಹಬ್ಬ ಎಂದಷ್ಟೇ ತಿಳಿದವರಿಗೆ ಇದು ಸೋಜಿಗವೆನಿಸಬಹುದು.

ಬಣ್ಣದ ಹಬ್ಬವನ್ನು ನೋಡಬೇಕಾದರೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. 2023ರ ಜುಲೈ ತಿಂಗಳಲ್ಲಿ ಜಿ-20 ಪ್ರತಿನಿಧಿಗಳು ಹಂಪೆಯಲ್ಲಿ ಸೇರಿದ್ದಾಗ, ಸೊಂಡೂರಿನ ಲಂಬಾಣಿ ಹೆಂಗಸರ ಕೈಯಿಂದ ಬಂದ 1755 ಕಸೂತಿಯ ವಸ್ತುಗಳನ್ನು ಒಂದೆಡೆ ಹರಡಿ ತೋರಿಸಲಾಯಿತು. ಅದು ಗಿನ್ನೆಸ್ ದಾಖಲೆಯ ಪುಸ್ತಕವನ್ನೂ ಸೇರಿತು. ಕೆಂಪು, ಹಳದಿ, ಹಸಿರು, ನೀಲಿ, ನಡುನಡುವೆ ಕನ್ನಡಿಯ ಬಿಲ್ಲೆ, ಅಂಚಿಗೆ ಕವಡೆ. ಸೊಂಡೂರಿಗೆ ಇನ್ನೊಂದು ಕೆಂಪೂ ಇದೆ. ಗುಡ್ಡಗಳನ್ನೂ ರಸ್ತೆಯ ಬದಿಯ ಮರಗಳನ್ನೂ ಅದಿರಿನ ಲಾರಿಗಳ ಗಾಲಿಗಳನ್ನೂ ಬಳಿದುಕೊಂಡಿರುವ ಆ ಕೆಂಪು ಕಬ್ಬಿಣದ ಆಕ್ಸೈಡು. ಅದು ನೀರಿನಲ್ಲಿ ಕರಗುವಂಥದಲ್ಲ. ಧೂಳಾಗಿ ಕೂರುತ್ತದೆ, ಕೊಡವಿದರೆ ಏಳುತ್ತದೆ. ಬಟ್ಟೆಯ ಬಣ್ಣದ ಜಾತಿಯೇ ಬೇರೆ. ಅದು ಮೊದಲು ಕರಗಬೇಕು, ಕರಗಿ ನೂಲಿನೊಳಕ್ಕೆ ಇಳಿಯಬೇಕು, ಇಳಿದ ಮೇಲೆ ಹೊರಕ್ಕೆ ಬರಬಾರದು. ಕರಗುವ ವಸ್ತುವನ್ನು ಕರಗದಂತೆ ಮಾಡುವ ಈ ಜಾಣ್ಮೆಯಲ್ಲೇ ಬಣ್ಣಗಾರನ ವಿದ್ಯೆಯೆಲ್ಲ ಅಡಗಿದೆ.

ನೀಲಿಯ ತೊಟ್ಟಿಯ ರಹಸ್ಯ

ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದುದು ನೀಲಿಯ ತೊಟ್ಟಿ. ನೀಲಿ ಗಿಡದಿಂದ ಬರುವ ಇಂಡಿಗೊ ತಾನಾಗಿ ನೀರಿನಲ್ಲಿ ಕರಗದು. ಹಳೆಯ ಕಾಲದ ಬಣ್ಣಗಾರ ಅದನ್ನು ತೊಟ್ಟಿಯಲ್ಲಿ ಹುದುಗು ಹಾಕಿ ಹುಳಿಯಿಸುತ್ತಿದ್ದ. ಕೆಲವು ದಿನಗಳಲ್ಲಿ ನೀಲಿ ಮಾಯವಾಗಿ ತೊಟ್ಟಿಯ ನೀರು ಹಳದಿ ಮಿಶ್ರಿತ ಹಸಿರಾಗುತ್ತಿತ್ತು. ಅದರಲ್ಲಿ ಅದ್ದಿದ ನೂಲನ್ನು ಮೇಲೆತ್ತಿದಾಗ ಅದೂ ಹಳದಿ ಹಸಿರು. ಆದರೆ ಗಾಳಿ ತಾಕಿದ ಕೆಲವೇ ನಿಮಿಷಗಳಲ್ಲಿ, ನೋಡನೋಡುತ್ತಿರುವಂತೆಯೇ, ನೂಲು ನೀಲಿಗೆ ತಿರುಗುತ್ತಿತ್ತು. ಇದನ್ನು ಮೊದಲ ಬಾರಿ ಕಂಡ ಮಗು ಮಂತ್ರವೆಂದೇ ತಿಳಿದೀತು.

ತೊಟ್ಟಿಯೊಳಗೆ ನಡೆದದ್ದು ಒಂದು ಸಾಲದ ವ್ಯವಹಾರ. ಹುದುಗಿನ ಜೀವಾಣುಗಳು ಇಂಡಿಗೊವಿಗೆ ಎಲೆಕ್ಟ್ರಾನುಗಳನ್ನು ಕೊಟ್ಟವು. ಅದು ಬಣ್ಣ ಕಳೆದುಕೊಂಡು ಕರಗಿತು. ಹೊರಗೆ ಬಂದಾಗ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತು. ಇಂಡಿಗೊ ತನ್ನ ನೀಲಿಯನ್ನು ಮರಳಿ ಪಡೆದು ನೂಲಿನೊಳಗೇ ಗಟ್ಟಿಯಾಯಿತು. ಎಲೆಕ್ಟ್ರಾನು ಪಡೆಯುವುದನ್ನು ಅಪಕರ್ಷಣವೆಂದೂ ಕಳೆದುಕೊಳ್ಳುವುದನ್ನು ಉತ್ಕರ್ಷಣವೆಂದೂ ಶಾಸ್ತ್ರದಲ್ಲಿ ಕರೆಯುತ್ತಾರೆ. ಶಾಲೆಯಲ್ಲಿ ಈ ಎರಡು ಮಾತುಗಳನ್ನು ಬಾಯಿಪಾಠ ಮಾಡಿ ಮರೆತವರಿಗೆ ನೀಲಿಯ ತೊಟ್ಟಿಯನ್ನು ಒಮ್ಮೆ ತೋರಿಸಿದ್ದರೆ ಎಂದೂ ಮರೆಯುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅರಿಸಿನಕ್ಕೆ ಸುಣ್ಣ ಬೆರೆಸಿದಾಗ ಕೆಂಪಾಗುತ್ತದಲ್ಲವೆ, ಅದೂ ಇದೇ ಆಟವೆ ಎಂದು ಕೇಳಬಹುದು. ಅಲ್ಲ. ಅಲ್ಲಿ ಕೈ ಬದಲಾಗುವುದು ಪ್ರೋಟಾನು. ಹುಣಿಸೆಹುಳಿ ಹಿಂಡಿದರೆ ಮತ್ತೆ ಹಳದಿ. ನೀಲಿಯ ತೊಟ್ಟಿಯಲ್ಲಿ ಎಲೆಕ್ಟ್ರಾನೇ ಕೈ ಬದಲಾಗುತ್ತದೆ. ಎಲೆಕ್ಟ್ರಾನು ಚಲಿಸಿದ ಕಡೆ ವಿದ್ಯುತ್ತು ಇರುತ್ತದೆ. ವಿದ್ಯುತ್ತನ್ನು ತಂತಿಯಲ್ಲಿ ಹಿಡಿದು ಅಳೆಯಬಹುದು. ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು.

ಇಂಡಿಗೊವಿನಂತೆ ಎಲೆಕ್ಟ್ರಾನುಗಳ ಕೊಡುಕೊಳೆಯಲ್ಲಿ ನಿಪುಣವಾದ ಕೃತಕ ಬಣ್ಣಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದರ ಹಿಂದೊಂದು ಬಂದವು. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವನ್ನು ಪಡೆದ. 1876ರಲ್ಲಿ ಜರ್ಮನಿಯ ಹೈನ್ರಿಕ್ ಕಾರೊ ಮೆಥಿಲೀನ್ ಬ್ಲೂ ಎಂಬ ನೀಲಿಯನ್ನು ತಯಾರಿಸಿದ. ಹತ್ತಿಬಟ್ಟೆಗೆಂದು ಹುಟ್ಟಿದ ಈ ನೀಲಿಯನ್ನು 1891ರಲ್ಲಿ ಪೌಲ್ ಎರ್ಲಿಕ್ ಮತ್ತು ಗುಟ್‌ಮನ್ ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಕ್ವಿನೈನ್ ಹುಡುಕಿ ಹೋದವನಿಗೆ ಬಣ್ಣ ಸಿಕ್ಕಿತು, ಬಣ್ಣವೆಂದು ಮಾಡಿದ್ದು ಮಲೇರಿಯಾದ ಔಷಧವಾಯಿತು! ಬಟ್ಟೆಯ ಗಿರಣಿಗೂ ಔಷಧಾಲಯಕ್ಕೂ ನಡುವಣ ಗೋಡೆ ಅಂದಿನಿಂದಲೂ ತೆಳುವೇ.

ಒಂದು ಅನಾಹುತದ ಲಾಭ

ಬಣ್ಣವನ್ನು ಲೋಹದ ಮೇಲೆ ವಿದ್ಯುತ್ತಿನಿಂದಲೇ ಕೂರಿಸಬಹುದೆಂಬುದು ತಿಳಿದ ಬಗೆ ಸ್ವಲ್ಪ ಭಯಾನಕವಾಗಿದೆ. ಲಂಡನ್ನಿನ ವೈದ್ಯ ಹೆನ್ರಿ ಲೆಥೆಬಿ ಅನಿಲಿನ್ ಕುಲದ ರಾಸಾಯನಿಕಗಳಿಂದ ವಿಷವೇರಿ ಸತ್ತವರ ಪ್ರಕರಣಗಳನ್ನು ಪರಿಶೀಲಿಸುತ್ತಿದ್ದರು. ಅನಿಲಿನ್ ದೇಹದೊಳಗೆ ಏನಾಗುತ್ತದೆಂದು ತಿಳಿಯಲು ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ, ಪ್ಲಾಟಿನಂ ಅದ್ದಿ, ವಿದ್ಯುತ್ತನ್ನು ಹರಿಸಿದರು. ಪ್ಲಾಟಿನಂನ ಮೇಲೆ ನೀಲಿ ಹಸಿರಿನ ಗಟ್ಟಿಯಾದ ಲೇಪವೊಂದು ಕುಳಿತುಬಿಟ್ಟಿತು. ಇದು 1862ರ ಮಾತು. ಅನಿಲಿನ್ನಿನ ಸಣ್ಣ ಅಣುಗಳು ಎಲೆಕ್ಟ್ರಾನು ಕಳೆದುಕೊಂಡು, ಒಂದರ ಕೈ ಒಂದು ಹಿಡಿದು, ಉದ್ದವಾದ ಸರಪಳಿಗಳಾಗಿದ್ದವು. ಸಣ್ಣ ಅಣುಗಳ ಇಂಥ ಸರಪಳಿಗೇ ಪಾಲಿಮರ್ ಎಂದು ಹೆಸರು. ಆ ಹೆಸರಿನ ಹಿಂದಿನ ಶಾಸ್ತ್ರ ಲೆಥೆಬಿಯ ಕಾಲಕ್ಕೆ ಹುಟ್ಟಿರಲಿಲ್ಲ.

ಪ್ಲಾಸ್ಟಿಕ್ಕಿನ ಜಾತಿಗೆ ಸೇರಿದ ವಸ್ತು ವಿದ್ಯುತ್ತನ್ನು ಸಾಗಿಸಬಲ್ಲುದೆಂದು ಜಗತ್ತು ನಂಬಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಶೋಧಕ್ಕಾಗಿ ಹೀಗರ್, ಮ್ಯಾಕ್‌ಡೈರ್ಮಿಡ್, ಶಿರಕಾವ ಎಂಬ ಮೂವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು. ಅದೇ ವರ್ಷ ವೈದ್ಯಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. ಮಿದುಳಿನಲ್ಲಿ ಡೋಪಮೈನ್ ಎಂಬ ವಸ್ತುವಿನ ಕೆಲಸವೇನೆಂಬುದನ್ನು 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವರು ಅವರು. ವಿದ್ಯುತ್ ಹರಿಯುವ ಪಾಲಿಮರ್ ಒಂದು ಕಡೆ, ಡೋಪಮೈನ್ ಇನ್ನೊಂದು ಕಡೆ. ಸ್ಟಾಕ್‌ಹೋಮಿನ ಒಂದೇ ವೇದಿಕೆಯ ಮೇಲೆ ಮಾಲೆ ಹಾಕಿಸಿಕೊಂಡ ಈ ಎರಡು ವಿಷಯಗಳೂ ಕರ್ನಾಟಕದ ಒಂದು ಪ್ರಯೋಗಶಾಲೆಯಲ್ಲಿ ಸಂಧಿಸಿದವು.

ನದಿಯ ಮೇಲ್ದಂಡೆಯಲ್ಲಿ

ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತ ನೀರು ಎಲ್ಲಿಂದ ಬಂತೆಂದು ಮೇಲಕ್ಕೆ ಅರಸುತ್ತ ಹೋದರೆ ಹರಿಹರ, ಹೊನ್ನಾಳಿಗಳನ್ನು ದಾಟಿ ಕೂಡಲಿಯನ್ನು ಸೇರುತ್ತೇವೆ. ಅಲ್ಲಿ ತುಂಗೆಯನ್ನು ಬಿಟ್ಟು ಭದ್ರೆಯ ಜಾಡು ಹಿಡಿದರೆ ಭದ್ರಾವತಿಯ ಆಚೆ, ಭದ್ರಾ ಜಲಾಶಯದ ಸಮೀಪ, ಶಂಕರಘಟ್ಟ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನ ಸಹ್ಯಾದ್ರಿ’ ಇರುವುದು ಇಲ್ಲಿ. ಇದರ ಔದ್ಯಮಿಕ ರಸಾಯನಶಾಸ್ತ್ರ ವಿಭಾಗದಲ್ಲಿ ಬಿ. ಇ. ಕುಮಾರಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು, ವಿದ್ಯಾರ್ಥಿಗಳು ಬಣ್ಣದ ಪಾಲಿಮರ್ ಪೊರೆಯನ್ನು ಹೊದ್ದ ವಿದ್ಯುದ್ವಾರಗಳನ್ನು ಕುರಿತು ಬಹುಕಾಲ ದುಡಿದಿದ್ದಾರೆ. ಹಂಪೆಯ ಸ್ನಾನಘಟ್ಟವನ್ನೂ ಕಂಪ್ಲಿಯ ಕಬ್ಬು ಬತ್ತದ ಗದ್ದೆಗಳನ್ನೂ ಮುಟ್ಟುವ ನೀರಿನ ಒಂದು ಪಾಲು ಈ ಪ್ರಯೋಗಶಾಲೆಯ ನೆರೆಯಿಂದಲೇ ಹರಿದು ಬರುತ್ತದೆಯೆಂದರೆ ಅತಿಶಯೋಕ್ತಿಯಲ್ಲ.

ವಿದ್ಯುದ್ವಾರ ಎಂಬ ಮಾತಿನ ಬಗ್ಗೆ ಎರಡು ನುಡಿ. ಮೈಕೇಲ್ ಫ್ಯಾರಡೆ 1834ರಲ್ಲಿ ಬಳಕೆಗೆ ತಂದ ‘ಎಲೆಕ್ಟ್ರೋಡ್’ ಎಂಬ ಪದಕ್ಕೆ ಗ್ರೀಕಿನಲ್ಲಿ ವಿದ್ಯುತ್ತಿನ ದಾರಿ ಎಂದು ಅರ್ಥ. ನಮ್ಮ ಪಠ್ಯಪುಸ್ತಕಗಳು ದಾರಿಯನ್ನು ದ್ವಾರ ಮಾಡಿಕೊಂಡವು. ಈ ಬದಲಾವಣೆ ಸೊಗಸಾಗಿದೆ. ಎಲೆಕ್ಟ್ರಾನುಗಳು ತಂತಿಯಿಂದ ದ್ರಾವಣಕ್ಕೂ ದ್ರಾವಣದಿಂದ ತಂತಿಗೂ ಹೋಗಿಬರುವ ಬಾಗಿಲೇ ಅದು. ಬಾಗಿಲೆಂದ ಮೇಲೆ, ಗುಡಿಯ ಬಾಗಿಲಿಗಿರುವಂತೆ, ಅದಕ್ಕೊಬ್ಬ ದ್ವಾರಪಾಲಕನೂ ಬೇಕಲ್ಲವೆ?

ಬಾಗಿಲನ್ನು ಮಾಡುವ ಬಗೆ ಅಡಿಗೆಮನೆಯ ಕೆಲಸವನ್ನು ನೆನಪಿಗೆ ತರುತ್ತದೆ. ನುಣುಪಾದ ಗ್ರಾಫೈಟ್ ಪುಡಿ ಎಪ್ಪತ್ತು ಭಾಗ, ಸಿಲಿಕೋನ್ ಎಣ್ಣೆ ಮೂವತ್ತು ಭಾಗ. ಎರಡನ್ನೂ ಅಗೇಟ್ ಕಲ್ಲಿನ ಕಲ್ವದಲ್ಲಿ ಹಾಕಿ ಮುಕ್ಕಾಲು ಗಂಟೆ ಕೈಯಿಂದಲೇ ಅರೆಯಬೇಕು. ಕಾಡಿಗೆಯಂತೆ ಹದಕ್ಕೆ ಬಂದ ಕಣಕವನ್ನು ಮೂರು ಮಿಲಿಮೀಟರ್ ಒಳಅಗಲದ ಪಿ.ವಿ.ಸಿ. ಕೊಳವೆಯ ತುದಿಗೆ ತುಂಬಿ, ಹಿಂಬದಿಯಿಂದ ಒಂದು ತಾಮ್ರದ ತಂತಿಯನ್ನು ಚುಚ್ಚಿ, ತುದಿಯನ್ನು ಕಾಗದದ ಮೇಲೆ ಉಜ್ಜಿ ನಯಗೊಳಿಸಿದರೆ ವಿದ್ಯುದ್ವಾರ ಸಿದ್ಧ. ಕೆಟ್ಟರೆ ತುದಿಯ ಕಣಕವನ್ನು ತಳ್ಳಿ ಹೊಸ ಮೈಯನ್ನು ಹೊರಡಿಸಿಕೊಂಡರಾಯಿತು. ಬಂಗಾರ, ಪ್ಲಾಟಿನಂಗಳಿಗೆ ಹೋಲಿಸಿದರೆ ಖರ್ಚು ಇಲ್ಲವೆಂದೇ ಹೇಳಬೇಕು. ಈ ಕಣಕದ ಉಪಾಯವನ್ನು 1958ರಲ್ಲಿ ಹೂಡಿದವರು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್. ಪಾದರಸದ ಹನಿಗಳನ್ನು ವಿದ್ಯುದ್ವಾರವಾಗಿ ಬಳಸಿದ ಝೆಕ್ ವಿಜ್ಞಾನಿ ಹೇರೋವ್‌ಸ್ಕಿಗೆ 1959ರಲ್ಲಿ ನೊಬೆಲ್ ಬಂತು. ಪಾದರಸದ ಬದಲು ಇಂಗಾಲವನ್ನೇ ಹನಿಯಾಗಿ ಬೀಳಿಸಬಹುದೆ ಎಂದು ನೋಡಲು ಹೊರಟ ಆಡಮ್ಸರಿಗೆ ಹನಿ ಬೀಳಲಿಲ್ಲ, ಕಣಕ ದಕ್ಕಿತು.

ಇನ್ನು ಬಣ್ಣ ಹಾಕುವ ಕೆಲಸ. ಶಂಕರಘಟ್ಟದ ತಂಡ 2010ರಲ್ಲಿ ‘ಎಲೆಕ್ಟ್ರೊಕಿಮಿಕಾ ಆಕ್ಟ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಆರಿಸಿಕೊಂಡದ್ದು ಕಾಲ್ಮಗೈಟ್ ಎಂಬ ಬಣ್ಣವನ್ನು. ಹೆಸರು ಅಪರಿಚಿತವಾದರೂ ಇದರ ದಾಯಾದಿಯಾದ ಎರಿಯೋಕ್ರೋಮ್ ಬ್ಲ್ಯಾಕ್-ಟಿಯನ್ನು ಪದವಿ ತರಗತಿಯಲ್ಲಿ ರಸಾಯನಶಾಸ್ತ್ರ ಓದಿದವರೆಲ್ಲ ಬಲ್ಲರು. ಕೊಳವೆ ಬಾವಿಯ ನೀರಿನ ಗಡಸುತನವನ್ನು ಅಳೆಯುವಾಗ ದ್ರಾಕ್ಷಿಯ ಕೆಂಪಿನಿಂದ ನೀಲಿಗೆ ತಿರುಗುವ ಸೂಚಕವೇ ಅದು. ಕಾಲ್ಮಗೈಟಿನದೂ ಅದೇ ಕುಲ, ಅದೇ ಕಸುಬು. ನೀರಿನ ಗಡಸನ್ನು ಹೇಳಿ ಮುಗಿಸಿ ತೊಟ್ಟಿಗೆ ಸುರಿಸಿಕೊಳ್ಳುತ್ತಿದ್ದ ವರ್ಣಕ್ಕೆ ಇಲ್ಲಿ ಹೊಸ ಉದ್ಯೋಗ ಸಿಕ್ಕಿತು.

ಕಣಕದ ವಿದ್ಯುದ್ವಾರವನ್ನು ಬಣ್ಣದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತಿನ ಒತ್ತಡವನ್ನು ನಿಯತವಾದ ವೇಗದಲ್ಲಿ ಏರಿಸಿ ಇಳಿಸುತ್ತಾರೆ. ಏರಿದಾಗ ಬಣ್ಣದ ಅಣು ಎಲೆಕ್ಟ್ರಾನನ್ನು ಕಳೆದುಕೊಂಡು ಚಡಪಡಿಸುತ್ತದೆ. ಹಾಗೆ ಚಡಪಡಿಸುವ ಎರಡು ಅಣುಗಳು ಒಂದನ್ನೊಂದು ಹಿಡಿಯುತ್ತವೆ. ಲೆಥೆಬಿ ಕಂಡ ಸರಪಳಿಯಂತೆಯೇ ಇದೂ ಬೆಳೆದು ಇಂಗಾಲದ ಮೈಗೆ ಅಂಟಿಕೊಳ್ಳುತ್ತದೆ. ಸುತ್ತು ಹೆಚ್ಚಿದಂತೆ ಪೊರೆ ದಪ್ಪವಾಗುತ್ತದೆ. ಕೈತೋಟಕ್ಕೆ ನೀರೆರೆಯುವ ವಿವೇಕ ಇಲ್ಲಿಯೂ ಬೇಕು. ಕಡಿಮೆಯಾದರೆ ಪೊರೆ ಹರಕು ಮುರಕು, ಹೆಚ್ಚಾದರೆ ಎಲೆಕ್ಟ್ರಾನುಗಳಿಗೆ ನುಸುಳಲು ಎಡೆಯಿಲ್ಲ. ಬಳಿಕ ಶುದ್ಧ ನೀರಿನಲ್ಲಿ ತೊಳೆಯುತ್ತಾರೆ. ಹೊಸಪೇಟೆಯ ಅಂಗಡಿಯ ಪ್ರಶ್ನೆಗೆ ಉತ್ತರ ಸಿಗುವುದು ಈ ಒಗೆತದಲ್ಲಿ: ಅಂಟದೆ ಉಳಿದ ಬಣ್ಣ ಹೋಗುತ್ತದೆ, ಪಾಲಿಮರಾದದ್ದು ನಿಲ್ಲುತ್ತದೆ.

ಒಂದೇ ಬಾಗಿಲಿಗೆ ಮೂವರು ಅತಿಥಿಗಳು

ಈ ಪೊರೆಗೆ ಒಪ್ಪಿಸಿದ ಕೆಲಸ ಡೋಪಮೈನನ್ನು ಗುರುತಿಸುವುದು. ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಳಸುವ ಓಲೆಕಾರರಲ್ಲಿ ಡೋಪಮೈನ್ ಒಬ್ಬ. ಪಾರ್ಕಿನ್‌ಸನ್ ಎಂಬ ನಡುಕದ ರೋಗದಲ್ಲಿ ಈ ಓಲೆಕಾರ ಕಡಿಮೆಯಾಗಿರುತ್ತಾನೆಂಬುದನ್ನು ವಿಯೆನ್ನಾದ ಹಾರ್ನಿಕೀವಿಚ್ 1960ರಲ್ಲಿ ತೋರಿಸಿದರು. ಕಂಪವಾತಕ್ಕೆ ಆಯುರ್ವೇದ ಹೇಳುವ ನಸುಗುನ್ನಿಯ ಬೀಜದಲ್ಲಿ, ದೇಹವು ಡೋಪಮೈನಾಗಿ ಮಾರ್ಪಡಿಸಿಕೊಳ್ಳಬಲ್ಲ ಎಲ್-ಡೋಪ ಎಂಬ ವಸ್ತುವಿದೆ. ಅದನ್ನು ಆ ಬೀಜದಿಂದ ಬೇರ್ಪಡಿಸಿ 1937ರಲ್ಲಿ ವರದಿ ಮಾಡಿದವರು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ. ಹೊಸಪೇಟೆ, ಕಂಪ್ಲಿಗಳು ಆಗ ಮದರಾಸು ಪ್ರಾಂತಕ್ಕೇ ಸೇರಿದ್ದವು. ಮೈಗೆ ತಾಗಿದರೆ ತುರಿಸಿ ಸಾಯಿಸುವ ಬೇಲಿಯ ಬಳ್ಳಿಯೊಳಗೆ ಇಂಥ ಸಂಪತ್ತು!

ಡೋಪಮೈನಿಗೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಗುಣವಿದೆ. ವಿದ್ಯುದ್ವಾರದ ಒತ್ತಡವನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಎಲೆಕ್ಟ್ರಾನು ಕೊಡುತ್ತದೆ, ಯಂತ್ರ ಬರೆಯುವ ಗೆರೆಯಲ್ಲಿ ಒಂದು ಶಿಖರ ಮೂಡುತ್ತದೆ. ಶಿಖರ ಎಲ್ಲಿದೆಯೆಂಬುದು ವಸ್ತುವಿನ ಹೆಸರನ್ನೂ, ಎಷ್ಟೆತ್ತರವಿದೆಯೆಂಬುದು ಅದರ ಪ್ರಮಾಣವನ್ನೂ ತಿಳಿಸುತ್ತದೆ. ಇಷ್ಟೇ ಆಗಿದ್ದರೆ ಬಣ್ಣದ ಪೊರೆ ಬೇಕಾಗುತ್ತಿರಲಿಲ್ಲ. ದೇಹದಲ್ಲಿ ಡೋಪಮೈನ್ ಒಂಟಿಯಾಗಿರುವುದಿಲ್ಲ ಎಂಬುದೇ ತೊಡಕು. ನೆಲ್ಲಿಕಾಯಿ, ನಿಂಬೆಹಣ್ಣುಗಳಿಂದ ಬರುವ ಸಿ ಜೀವಸತ್ತ್ವ, ಅಂದರೆ ಆಸ್ಕಾರ್ಬಿಕ್ ಆಮ್ಲ, ಮಿದುಳಿನ ದ್ರವದಲ್ಲಿ ಡೋಪಮೈನಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿದೆ. ಜೊತೆಗೆ ಯೂರಿಕ್ ಆಮ್ಲ; ಮಿತಿಮೀರಿದರೆ ಕಾಲಿನ ಹೆಬ್ಬೆರಳಿನ ಕೀಲಿನಲ್ಲಿ ಕುಳಿತು ನಿದ್ದೆ ಕೆಡಿಸುವಂಥದು. ಬರಿಯ ಇಂಗಾಲದ ಬಾಗಿಲಿಗೆ ಈ ಮೂವರೂ ಹೆಚ್ಚು ಕಡಮೆ ಒಂದೇ ಮುಹೂರ್ತದಲ್ಲಿ ಬಂದು ನಿಲ್ಲುತ್ತಾರೆ. ಬೆಳಗಿನ ಮಂಜಿನಲ್ಲಿ ದೂರದಿಂದ ನೋಡಿದವರಿಗೆ ಹೇಮಕೂಟ, ಮತಂಗ, ಮಾಲ್ಯವಂತಗಳು ಒಂದೇ ಗುಡ್ಡವಾಗಿ ಕಾಣುವಂತೆ ಮೂರು ಶಿಖರಗಳು ಕಲೆತು ಒಂದು ದಿಬ್ಬವಾಗುತ್ತವೆ. ಸಾಲದುದಕ್ಕೆ, ಎಲೆಕ್ಟ್ರಾನು ಕಳೆದುಕೊಂಡ ಡೋಪಮೈನಿಗೆ ಆಸ್ಕಾರ್ಬಿಕ್ ಆಮ್ಲವು ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ಮತ್ತೆ ಬಾಗಿಲಿಗೆ ಕಳುಹಿಸುತ್ತದೆ. ಒಬ್ಬನೇ ಎರಡು ಸಲ ಒಳಗೆ ಬಂದು ಲೆಕ್ಕ ಕೆಡಿಸುವ ಮದುವೆಮನೆಯ ಪಂಕ್ತಿಯನ್ನು ನೆನೆದುಕೊಂಡರೆ ಸಾಕು. ಆಡಮ್ಸರೂ ಅವರ ಸಂಗಡಿಗರೂ 1973ರಲ್ಲಿ ಇಲಿಯ ಮಿದುಳಿನಲ್ಲೇ ವಿದ್ಯುದ್ವಾರವಿಟ್ಟು ಅಳೆದರು. ಆ ಬಗೆಯ ಅಳತೆಯಲ್ಲಿ ಆಸ್ಕಾರ್ಬಿಕ್ ಆಮ್ಲದ ಗದ್ದಲವೇ ದೊಡ್ಡ ತಲೆನೋವಾಯಿತು.

ದ್ವಾರಪಾಲಕನ ಅಗತ್ಯ ಬೀಳುವುದು ಇಲ್ಲಿ. ಕಾಲ್ಮಗೈಟಿನ ಅಣುವಿನಲ್ಲಿ ಸಲ್ಫೊನೇಟ್ ಎಂಬ ಋಣವಿದ್ಯುತ್ತಿನ ಗುಂಪೊಂದಿದೆ. ರಕ್ತದಷ್ಟೇ ಅಲ್ಪ ಕ್ಷಾರವಾದ ದ್ರಾವಣದಲ್ಲಿ ಡೋಪಮೈನ್ ಧನವಿದ್ಯುತ್ತನ್ನು ಹೊತ್ತಿರುತ್ತದೆ, ಉಳಿದಿಬ್ಬರೂ ಋಣವನ್ನು. ಋಣದ ಪೊರೆ ಧನವನ್ನು ಬಾ ಎನ್ನುತ್ತದೆ, ಋಣವನ್ನು ತುಸು ದೂರ ನಿಲ್ಲಿಸುತ್ತದೆ. ಇದಲ್ಲದೆ ಪೊರೆಯ ಅಣುಗಳು ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸಿ ವ್ಯವಹಾರವನ್ನು ಚುರುಕುಗೊಳಿಸುತ್ತವೆ. ಪರಿಣಾಮವಾಗಿ ಆಸ್ಕಾರ್ಬಿಕ್ ಆಮ್ಲ ಮೊದಲು, ಡೋಪಮೈನ್ ನಡುವೆ, ಯೂರಿಕ್ ಆಮ್ಲ ಕೊನೆಗೆ ಎಂದು ಮೂರು ಶಿಖರಗಳೂ ಬೇರೆಯಾಗಿ ಎದ್ದು ನಿಲ್ಲುತ್ತವೆ. ಮಂಜು ಕರಗಿತು, ಮೂರು ಗುಡ್ಡ ಕಂಡವು. ಮಾಸ್ಕೋದ ಅರ್ಕಾದಿ ಕರ್ಯಾಕಿನ್, ಪೋರ್ಚುಗಲ್ಲಿನ ಕೊಯಿಂಬ್ರದ ಕ್ರಿಸ್ಟೋಫರ್ ಬ್ರೆಟ್ ಮೊದಲಾದವರು ಮೆಥಿಲೀನ್ ಬ್ಲೂ, ನ್ಯೂಟ್ರಲ್ ರೆಡ್ ಮುಂತಾದ ಬಣ್ಣಗಳಿಂದಲೂ ಇಂಥ ಪೊರೆಗಳನ್ನು ಬೆಳೆಸಿ ಬಹಳ ಕೆಲಸ ಮಾಡಿದ್ದಾರೆ. ಆದರೆ ಕಲ್ವ, ಕೊಳವೆ, ತಾಮ್ರದ ತಂತಿಗಳಿಂದ ಮಲೆನಾಡಿನ ಒಂದು ಮೂಲೆಯಲ್ಲಿ ಕುಳಿತು ಜಗತ್ತಿನ ಆ ಸಂಭಾಷಣೆಯಲ್ಲಿ ಪಾಲ್ಗೊಳ್ಳುವುದು ಕಡಮೆಯ ಮಾತಲ್ಲ.

ಸೀಸೆಯ ಔಷಧ ಬೇರೆ, ನೆತ್ತರು ಬೇರೆ

ಹೊಗಳಿಕೆಯ ಜೊತೆಗೆ ಸತ್ಯವನ್ನೂ ಹೇಳಬೇಕು. ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಬಂದ ಲೇಖನಗಳ ರಾಶಿಯನ್ನು ನೋಡಿದರೆ ಒಂದೇ ಅಚ್ಚಿನಲ್ಲಿ ಒತ್ತಿದಂತೆ ಕಾಣುವವು ಅನೇಕ. ಒಂದರಲ್ಲಿ ಒಂದು ಬಣ್ಣ, ಇನ್ನೊಂದರಲ್ಲಿ ಇನ್ನೊಂದು. ಪೀಠಿಕೆಯಲ್ಲಿ ಪಾರ್ಕಿನ್‌ಸನ್ ರೋಗದ ಹೆಸರು. ಕೊನೆಯ ಪರೀಕ್ಷೆ ಮಾತ್ರ ಔಷಧದಂಗಡಿಯ ಡೋಪಮೈನ್ ಇಂಜೆಕ್ಷನ್ನಿನ ಮೇಲೆ. ರಕ್ತದೊತ್ತಡ ಕುಸಿದ ರೋಗಿಗಳಿಗೆ ಆಸ್ಪತ್ರೆಯಲ್ಲಿ ಕೊಡುವ ಆ ಸೀಸೆಯಲ್ಲಿ ಎಷ್ಟು ಡೋಪಮೈನಿದೆಯೆಂದು ಅದರ ಚೀಟಿಯ ಮೇಲೇ ಬರೆದಿರುತ್ತದೆ. ನೆತ್ತರಿನ ಸಂಗತಿ ಹಾಗಲ್ಲ. ಅದರ ಪ್ರೋಟೀನುಗಳು ವಿದ್ಯುದ್ವಾರದ ಮೇಲೆ ಕೆನೆಯಂತೆ ಕಟ್ಟಿಕೊಳ್ಳುತ್ತವೆ. ಪೊರೆ ದಿನ ಕಳೆದಂತೆ ಸೊರಗುತ್ತದೆ. ಇಂದು ಕೈಯಿಂದ ಅರೆದ ಕಣಕ ನಾಳೆ ಅರೆದದ್ದಕ್ಕೆ ಸಮನಾಗಿರುವುದಿಲ್ಲ. ಪಾರ್ಕಿನ್‌ಸನ್ ರೋಗವನ್ನು ವೈದ್ಯರು ಇಂದಿಗೂ ಮುಖ್ಯವಾಗಿ ರೋಗಿಯ ನಡಿಗೆ, ಕೈಯ ನಡುಕ, ಸ್ನಾಯುಗಳ ಬಿಗಿತವನ್ನು ನೋಡಿಯೇ ನಿರ್ಧರಿಸುತ್ತಾರೆ. ಮನೆಯ ಹಿರಿಯರ ಕೈ ನಡುಗಿತೆಂದು ಹೊಸಪೇಟೆಯಿಂದ ಬಸ್ಸು ಹತ್ತಿ ಹೊರಟವರಿಗೆ ಬಣ್ಣದ ಪೊರೆ ಈಗ ಯಾವ ಸಹಾಯವನ್ನೂ ಮಾಡದು.

ಹಾಗೆಂದು ಈ ದಾರಿ ಎಲ್ಲಿಗೂ ಮುಟ್ಟದೆಂದು ತಿಳಿಯಬೇಕಾಗಿಲ್ಲ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸುವ ಗ್ಲೂಕೋಮೀಟರ್ ಇದೇ ಮನೆತನದ್ದು. ಅದರ ಮೂಲ ಕಲ್ಪನೆಯನ್ನು ಅಮೆರಿಕದ ಲೀಲೆಂಡ್ ಕ್ಲಾರ್ಕ್ 1962ರಲ್ಲಿ ಕೊಟ್ಟರು. ಎಲೆಕ್ಟ್ರಾನುಗಳನ್ನು ದಾಟಿಸುವ ಮಧ್ಯವರ್ತಿಯೊಂದನ್ನು ಪಟ್ಟಿಯಲ್ಲೇ ಸೇರಿಸಿದ ಪೆನ್ನಿನಾಕಾರದ ಯಂತ್ರ ಅಂಗಡಿಗೆ ಬಂದದ್ದು 1987ರಲ್ಲಿ. ನಡುವೆ ಇಪ್ಪತ್ತೈದು ವರ್ಷ! ಅಲ್ಲಿ ಗೆದ್ದದ್ದು ಹೊಸ ವಸ್ತುವಿನ ಶೋಧಕ್ಕಿಂತ ಹೆಚ್ಚಾಗಿ, ಲಕ್ಷ ಪಟ್ಟಿಗಳನ್ನು ಒಂದರಂತೆ ಒಂದನ್ನು ಅಚ್ಚುಹಾಕುವ ಬೇಸರದ ಕೆಲಸ.

ಜಾತ್ರೆಯ ಗುಲಾಬಿ ಬಣ್ಣ

ಬಣ್ಣದ ಪೊರೆಗಳ ಸಾಲಿನ ವಿದ್ಯುದ್ವಾರಗಳು ಈ ಸೀಮೆಯವರಿಗೆ ಮೊದಲು ಒದಗಬಹುದಾದ ಎಡೆ ಆಸ್ಪತ್ರೆಯಲ್ಲ, ಜಾತ್ರೆ. ಚೈತ್ರದಲ್ಲಿ ವಿರೂಪಾಕ್ಷನ ತೇರು ಎಳೆಯುವ ದಿನ ಹಂಪೆಯ ರಥಬೀದಿಯಲ್ಲಿ ಮಕ್ಕಳ ಕಣ್ಣು ದೇವರಿಗಿಂತ ಮೊದಲು ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿಯ ಮೇಲೆ ಬೀಳುತ್ತದೆ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಈ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು; ಗೋಬಿ ಮಂಚೂರಿಗೂ ಅದೇ ಆಜ್ಞೆ. ಪರೀಕ್ಷಿಸಿದ ಮಿಠಾಯಿಯ 25 ಮಾದರಿಗಳಲ್ಲಿ 15, ಗೋಬಿಯ 171 ಮಾದರಿಗಳಲ್ಲಿ 107 ಸುರಕ್ಷಿತವಲ್ಲವೆಂದು ಕಂಡುಬಂದಿದ್ದವು. ಸಿಕ್ಕಿಬಿದ್ದ ಬಣ್ಣಗಳಲ್ಲಿ ರೋಡಮೈನ್-ಬಿ ಇತ್ತು. ಅದು ತಿನ್ನುವ ಬಣ್ಣವೇ ಅಲ್ಲ, ಬಟ್ಟೆಗೆ ಹಾಕುವ ಬಣ್ಣ. ಪಂಚೆಗೆ ತಗಲಿದರೆ ಜಗಳ ಮಾಡುವ ಮನೆಯವರು ಅದನ್ನು ಮಗುವಿನ ನಾಲಗೆಗೆ ತಾವೇ ಕೈಯಾರೆ ಕೊಡಿಸುತ್ತಿದ್ದರು.

ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ ಎಂಬ ಹಳದಿಗಳ ಕಥೆ ಇನ್ನಷ್ಟು ಸೂಕ್ಷ್ಮ. ಕೆಲವು ಸಿಹಿತಿಂಡಿಗಳಲ್ಲಿ ಮಿತಿಯೊಳಗೆ ಅವುಗಳಿಗೆ ಅನುಮತಿಯಿದೆ. ಆದುದರಿಂದ ಇದೆಯೆ ಇಲ್ಲವೆ ಎಂದು ನೋಡಿದರೆ ಸಾಲದು, ಎಷ್ಟಿದೆ ಎಂಬುದು ಬೇಕು. ಕಣ್ಣು ಇದಕ್ಕೆ ಉಪಯೋಗವಿಲ್ಲ. ಈ ಬಣ್ಣಗಳೂ ಎಲೆಕ್ಟ್ರಾನು ಕೊಡಬಲ್ಲವಾದ್ದರಿಂದ ವಿದ್ಯುದ್ವಾರದ ಮುಂದೆ ತಮ್ಮ ಶಿಖರವನ್ನು ತೋರಿಸಲೇಬೇಕು. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಕಾಲೇಜಿನ ಜೆ. ಜಿ. ಮಂಜುನಾಥ ಅವರು ಮಾರ್ಪಡಿಸಿದ ವಿದ್ಯುದ್ವಾರವೊಂದರಿಂದ ಟಾರ್ಟ್ರಜೀನನ್ನು ಅಳೆಯುವ ವಿಧಾನವನ್ನು 2018ರಲ್ಲಿ ಪ್ರಕಟಿಸಿದರು. ಜಿಲ್ಲಾಕೇಂದ್ರದ ಒಂದು ಕಾಲೇಜಿನಲ್ಲಿ ಸಾಧ್ಯವಾದದ್ದು ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಾಗಲಿ, ಸೊಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಾಗಲಿ, ಹೊಸಪೇಟೆಯ ಕಾಲೇಜುಗಳಲ್ಲಾಗಲಿ ಅಸಾಧ್ಯವೆನ್ನಲು ಕಾರಣವಿಲ್ಲ. ಗ್ರಾಫೈಟ್ ದುಬಾರಿಯಲ್ಲ, ಕಲ್ವ ದುಬಾರಿಯಲ್ಲ. ಶಿಖರಗಳನ್ನು ಬರೆಯುವ ಯಂತ್ರವಷ್ಟೇ ಸ್ವಲ್ಪ ಬೆಲೆಬಾಳುವಂಥದು, ಅದೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.

ಸದ್ಯಕ್ಕೆ ನಡೆಯುವ ಕ್ರಮ ಬೇರೆ. ಆಹಾರ ಸುರಕ್ಷಾ ಅಧಿಕಾರಿ ಮಾದರಿಯನ್ನು ತೆಗೆದು, ಮೊಹರು ಮಾಡಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. 2006ರ ಆಹಾರ ಸುರಕ್ಷಾ ಕಾಯಿದೆಯಂತೆ ಪರೀಕ್ಷಕರು ವರದಿ ಕೊಡಲು 14 ದಿನಗಳ ಅವಕಾಶವಿದೆ. ಮಿಠಾಯಿ ಮಗುವಿನ ಬಾಯಲ್ಲಿ ಕರಗಲು ಐದು ನಿಮಿಷ ಸಾಕು. ಹದಿನಾಲ್ಕನೆಯ ದಿನ ಕಾಗದ ಬರುವ ಹೊತ್ತಿಗೆ ತೇರು ಮನೆ ಸೇರಿರುತ್ತದೆ, ರಥಬೀದಿ ಬರಿದಾಗಿರುತ್ತದೆ, ಮಿಠಾಯಿಯವನು ತನ್ನ ಗಾಲಿಯ ಬಂಡಿಯನ್ನೂ ಗುಲಾಬಿ ಬಣ್ಣದ ಡಬ್ಬಿಯನ್ನೂ ತಳ್ಳಿಕೊಂಡು ಮತ್ತೊಂದು ಊರಿನ ಜಾತ್ರೆಯಲ್ಲಿ ಗಂಟೆ ಬಾರಿಸುತ್ತಿರುತ್ತಾನೆ.